25 ಸಾವಿರಕ್ಕೆ ಹಳೇ ಆಂಪ್ಲಿಫೈಯರ್, ಹಳೇ ಸ್ಪೀಕರ್: ಮೈಸೂರಿನವರು ಸ್ವಲ್ಪ ದಾರಿ ಹೇಳಿ

ಸರಸ್ವತಿಪುರಂ ಕೇಳುಗ
ಎಲ್ಲರಿಗೂ ನಮಸ್ಕಾರ. ಅಪ್ಪ ಹೋದ ತಿಂಗಳು ರಿಟೈರ್ ಆದರು. ಎರಡು ಟ್ರಂಕ್ ತುಂಬಾ ಕ್ಯಾಸೆಟ್ ಕೂಡಿಟ್ಟಿದ್ದಾರೆ. ಮುಕ್ಕಾಲು ಪಾಲು ಕರ್ನಾಟಕ ಸಂಗೀತ, ಉಳಿದದ್ದು ಭಾವಗೀತೆ. ಡೆಕ್ ಕೆಟ್ಟು ನಾಲ್ಕು ವರ್ಷ ಆಯಿತು. ಈಗ ಅವರು ಕೇಳುವುದು ಮೊಬೈಲಿನಲ್ಲಿ. ಸದ್ದು ಸಾಲದು ಅಂತ ಅದನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಅದನ್ನು ನೋಡಿ ಕರುಳು ಚುರುಕ್ ಎನ್ನುತ್ತದೆ.

ಅವರಿಗೆ ಒಂದು ಒಳ್ಳೆಯ ಸ್ಟೀರಿಯೋ ಮಾಡಿಕೊಡಬೇಕು. ಕೈಯಲ್ಲಿರುವುದು 25,000. ಹೊಸದಕ್ಕೆ ಸಾಲದು, ಅದಕ್ಕೇ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ. ಹಾಲ್ 12 ಅಡಿ ಅಗಲ, 14 ಅಡಿ ಉದ್ದ, ನೆಲಕ್ಕೆ ಟೈಲ್ಸ್. ಪಕ್ಕದ ಮನೆ ಗೋಡೆಗೆ ಗೋಡೆ, ಆದ್ದರಿಂದ ಜೋರಾಗಿ ಹಾಕುವ ಹಾಗಿಲ್ಲ.

ಸದ್ಯ ಕಣ್ಣಿಗೆ ಬಿದ್ದಿರುವುದು ಎರಡು. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಹಳೆಯ ಸಾನ್ಸುಯಿ ಆಂಪ್ಲಿಫೈಯರ್, ಜೊತೆಗೆ 10 ಇಂಚಿನ ವೂಫರ್ (ತಗ್ಗು ಸ್ವರದ ದೊಡ್ಡ ಸ್ಪೀಕರ್) ಇರುವ ದೊಡ್ಡ ಪೆಟ್ಟಿಗೆ ಜೋಡಿ. ಎಲ್ಲಾ ಸೇರಿ 22,000. ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಇಲ್ಲೇ ಕುವೆಂಪುನಗರದಲ್ಲಿ ಯಮಾಹಾ ಎ-ಎಸ್ 201. ಬರೀ ಆಂಪ್ಲಿಫೈಯರ್, 11,000. ಸ್ಪೀಕರ್ ಬೇರೆ ಹುಡುಕಬೇಕು.

ಯಾವುದು ಸರಿ? ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಬಾಸ್ ಪ್ರೇಮಿ
ಸಾನ್ಸುಯಿ ತಗೊಳ್ಳಿ ಗುರು, ಯೋಚನೆನೇ ಬೇಡ. 10 ಇಂಚು ಅಂದರೆ ಸುಮ್ನೆ ಅಲ್ಲ.

ಡಿಜಿಟಲ್ ದಾಸ
15 ಸಾವಿರಕ್ಕೆ ಹೊಸ 5.1 ಹೋಂ ಥಿಯೇಟರ್ ಬರುತ್ತದೆ. ವಾರಂಟಿ ಇದೆ, ಬ್ಲೂಟೂತ್ ಇದೆ, 1000 ವ್ಯಾಟ್ ಅಂತ ಬರೆದಿರುತ್ತಾರೆ. ಹಳೇ ಸಾಮಾನಿಗೆ ಯಾಕೆ ಇಷ್ಟು ಒದ್ದಾಟ?

ಹಳೇ ರೇಡಿಯೋ, ಮಂಡ್ಯ
ದಾಸರೇ, ಆ 1000 ವ್ಯಾಟ್ ಪಿಎಂಪಿಓ ಲೆಕ್ಕ. ಅದಕ್ಕೆ ಅಳತೆಗೋಲೇ ಇಲ್ಲ. ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಡಬ್ಬದ ಹಿಂದೆ ಅದು ಕರೆಂಟ್ ಎಷ್ಟು ತಿನ್ನುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದಿ. ಗೋಡೆಯಿಂದ 60 ವ್ಯಾಟ್ ಎಳೆಯುವ ಪೆಟ್ಟಿಗೆ 1000 ವ್ಯಾಟ್ ಸದ್ದು ಎಲ್ಲಿಂದ ತರುತ್ತದೆ? ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿ. ಒಂದು ಚಾನಲ್‌ಗೆ (ಎಡ ಅಥವಾ ಬಲ, ಒಂದು ಕಡೆಗೆ) ಎಷ್ಟು, 8 ಓಮ್ ತಡೆ ಇರುವ ಸ್ಪೀಕರಿಗೆ ಎಷ್ಟು, ಅಷ್ಟೇ.

ಕೇಳುಗರೇ, ನೀವು ಯಾವುದಕ್ಕೂ ಅಡ್ವಾನ್ಸ್ ಕೊಡಬೇಡಿ. ಮೊದಲು ಸಾನ್ಸುಯಿಯ ಹಿಂಭಾಗದ ಫೋಟೋ ಕೇಳಿ. ವೋಲ್ಟೇಜ್ ಬರೆದ ಪಟ್ಟಿ ಕಾಣಬೇಕು.

ಸರಸ್ವತಿಪುರಂ ಕೇಳುಗ
ಈಗ ತಾನೇ ಕಳಿಸಿದರು ಸಾರ್. "ಎಸಿ 100 ವೋಲ್ಟ್, 50/60 ಹರ್ಟ್ಸ್" ಅಂತ ಇದೆ. ಪ್ಲಗ್‌ಗೆ ಚಪ್ಪಟೆ ಪಿನ್ ಎರಡು.

ಹಳೇ ರೇಡಿಯೋ, ಮಂಡ್ಯ
ಅಂದುಕೊಂಡೆ. ಅದು ಜಪಾನಿನ ಒಳಗೆ ಮಾರಲು ಮಾಡಿದ ಸೆಟ್. ನಮ್ಮದು 230 ವೋಲ್ಟ್. ಪಿನ್ ಬದಲಾಯಿಸಿ ನೇರ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ. ನಸೀಬು ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ರೇ ಸುಟ್ಟುಹೋಗುತ್ತದೆ. ಮಾರುವವರು ಇದನ್ನು ಹೇಳಿದ್ದರೇ?

ಸರಸ್ವತಿಪುರಂ ಕೇಳುಗ
ಹೇಳಿರಲಿಲ್ಲ. ಕೇಳಿದ ಮೇಲೆ "ಒಂದು ಸ್ಟೆಪ್ ಡೌನ್ ಹಾಕಿಕೊಳ್ಳಿ, 110 ವೋಲ್ಟ್‌ದು ಎಲ್ಲಾ ಕಡೆ ಸಿಗುತ್ತದೆ" ಅಂದರು.

ಟ್ರಾನ್ಸಿಸ್ಟರ್ 3055
ಸ್ಟೆಪ್ ಡೌನ್ ಹಾಕಿದರೆ ಆಯ್ತಲ್ಲ. ನಾನು ಹತ್ತು ವರ್ಷದಿಂದ ಹಾಗೇ ಓಡಿಸುತ್ತಿದ್ದೇನೆ. ಹೆದರಿಸಬೇಡಿ ಸಾರ್.

ಹಳೇ ರೇಡಿಯೋ, ಮಂಡ್ಯ
ಹೆದರಿಸುತ್ತಿಲ್ಲ, ಲೆಕ್ಕ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವುದು 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. ಸೆಟ್ ಕೇಳುತ್ತಿರುವುದು 100. ಈಗಲೇ ಶೇಕಡಾ 10 ಜಾಸ್ತಿ ಆಯಿತು. ರಾತ್ರಿ ಲೋಡ್ ಕಡಿಮೆ ಆದಾಗ ನಮ್ಮ ಕಡೆ ಲೈನ್ 250 ಮುಟ್ಟುತ್ತದೆ. ಆಗ ಸೆಟ್‌ಗೆ ಹೋಗುವುದು ಸುಮಾರು 120. 30 ವರ್ಷದ ಕೆಪಾಸಿಟರ್ ಅದನ್ನು ಎಷ್ಟು ದಿನ ತಡೆಯುತ್ತದೆ? 100 ವೋಲ್ಟ್‌ಗೇ ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಬೇಕು. ಅದೂ ಆಂಪ್ಲಿಫೈಯರ್ ಎಳೆಯುವುದಕ್ಕಿಂತ ದೊಡ್ಡದಿರಬೇಕು. ಆ ಖರ್ಚು 22,000ದ ಜೊತೆಗೆ ಬೇರೆ. ನಿಮ್ಮದು ಹತ್ತು ವರ್ಷ ನಡೆದಿದೆ ಅಂದರೆ ಸಂತೋಷ. ಆದರೆ ಇವರು ತಂದೆಯವರಿಗೆ ಕೊಡುತ್ತಿರುವುದು. ಅವರು ದಿನಾ ಸ್ವಿಚ್ ಹಾಕಿ ತೆಗೆಯುವ ಸಾಮಾನು. ತಲೆನೋವು ಇರಬಾರದು.

ಸಕ್ಕರೆ ನಾಡು
1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ನಮ್ಮೂರಲ್ಲಿ ಸಂಜೆ ಪಂಪ್‌ಸೆಟ್ ಶುರುವಾದರೆ ಇವತ್ತಿಗೂ 180 ವೋಲ್ಟ್. ಆಂಪ್ಲಿಫೈಯರ್‌ಗೆ ಸ್ಟೆಬಿಲೈಸರ್ ಹಾಕಬಹುದಾ?

ಹಳೇ ರೇಡಿಯೋ, ಮಂಡ್ಯ
ಹಾಕಬಹುದು. ಆದರೆ ಟಿವಿಗೆ ಬರುವ ಚಿಕ್ಕದು ಬೇಡ, ಒಳಗಿನ ರಿಲೇ ಸ್ವಿಚ್ ಟಕ್ ಟಕ್ ಅನ್ನುವಾಗ ಸ್ಪೀಕರಿನಲ್ಲೂ ಕೇಳುತ್ತದೆ. 180 ಇದ್ದಾಗ ಸದ್ದು ಒಸಿ ಕಮ್ಮಿಯಲ್ಲೇ ಒಡೆಯುತ್ತದೆ ಅಷ್ಟೇ, ಸೆಟ್‌ಗೆ ಹಾನಿ ಕಡಿಮೆ. ಭಯ ಇರುವುದು ಮೇಲಕ್ಕೆ ಏರಿದಾಗ. ಸಿಡಿಲು ಬರುವ ಸಂಜೆ ಪ್ಲಗ್ ಕಿತ್ತಿಡಿ.

ವೀಣೆ ತಂತಿ, ಒಂಟಿಕೊಪ್ಪಲು
ಕೇಳುಗರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ಒಳ್ಳೆಯ ವಿಷಯ ಇದೆ. ಏನು ಕೇಳುತ್ತಾರೆ ಅಂತ ಮೊದಲೇ ಹೇಳಿದ್ದೀರಿ. ಕರ್ನಾಟಕ ಸಂಗೀತ, ಭಾವಗೀತೆ. ಇಲ್ಲಿ ಬೇಕಿರುವುದು ಮಧ್ಯದ ಸ್ವರ, ಗಂಟಲು, ಮೀಟು. ಎದೆ ನಡುಗಿಸುವ ಬಾಸ್ ಅಲ್ಲ.

ನಾನು 20 ವರ್ಷದಿಂದ ವೀಣೆ ಹೇಳಿಕೊಡುತ್ತೇನೆ. ಸ್ಪೀಕರ್ ಕೊಳ್ಳಲು ಹೋದಾಗ ಮೂರೇ ಮೂರು ಕೇಳುತ್ತೇನೆ. ಒಂದು, ಬರೀ ತಂಬೂರಿ. ಜೀವಾಳಿ (ತಂತಿಯ ಕೆಳಗಿನ ದಾರ) ಸರಿ ಕೂತ ತಂಬೂರಿಯಲ್ಲಿ ಷಡ್ಜದ ಮೇಲೆ ಮೇಲಿನ ಸ್ವರಗಳು ಹೊಳೆಯುತ್ತಾ ಬರುತ್ತವೆ. ಕೆಟ್ಟ ಟ್ವೀಟರ್‌ನಲ್ಲಿ (ಮೇಲಿನ ಸ್ವರದ ಚಿಕ್ಕ ಸ್ಪೀಕರ್) ಅದು ಜೇನ್ನೊಣದ ಝೇಂಕಾರ ಆಗಿಬಿಡುತ್ತದೆ. ಎರಡು, ಮೃದಂಗ. ಎಡಗಡೆ ರವೆ ಹಚ್ಚಿದ ಮುಖದ ಗುಮುಕಿ ಬಂದು ತಟ್ಟನೆ ನಿಲ್ಲಬೇಕು. ಪೆಟ್ಟಿಗೆ ಸಡಿಲ ಇದ್ದರೆ ಅದು ನಿಲ್ಲದೆ ಊದಿಕೊಳ್ಳುತ್ತದೆ. ಮೂರು, ನನಗೆ ಚೆನ್ನಾಗಿ ಪರಿಚಯ ಇರುವ ಯಾರದಾದರೂ ಗಂಟಲು. ಶೀತ ಆದವರ ಹಾಗೆ ಕೇಳಿದರೆ ಬೇಡ.

ದೊರೆಸ್ವಾಮಿ ಅಯ್ಯಂಗಾರರ ವೀಣೆ ತಂದೆಯವರ ಟ್ರಂಕಿನಲ್ಲಿ ಇದ್ದೇ ಇರುತ್ತದೆ. ಮೈಸೂರು ಬಾನಿಯಲ್ಲಿ ಒಂದು ಮೀಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಬಿಡುತ್ತಾರೆ ನೋಡಿ. ಆ ಜಾಗ ಕೇಳಿಸದ ಸ್ಪೀಕರಿಗೆ ದುಡ್ಡು ಕೊಡಬೇಡಿ.

ಬಾಸ್ ಪ್ರೇಮಿ
ಮೇಡಂ, ಹಾಗಾದರೆ ಬಾಸ್ ಬೇಡವೇ ಬೇಡ ಅಂತೀರಾ? ಅದಿಲ್ಲದೆ ಸಂಗೀತ ಸಪ್ಪೆ.

ವೀಣೆ ತಂತಿ, ಒಂಟಿಕೊಪ್ಪಲು
ಬೇಡ ಅನ್ನಲಿಲ್ಲ. ಇದ್ದಷ್ಟೇ ಬರಲಿ ಅಂದೆ. ನಮ್ಮ 8ನೇ ಕ್ರಾಸಿನ ಗಣೇಶೋತ್ಸವದ ಪೆಂಡಾಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ಮೈಕ್ ಜೊತೆಗೆ ನಿಜವಾದ ಮೃದಂಗವನ್ನೂ ಕೇಳಿ. ಆಮೇಲೆ ನಿಮ್ಮ ಮನೆಯಲ್ಲಿ ಕೇಳಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಬಾಸ್ ಪ್ರೇಮಿ
ಆ ಪೆಂಡಾಲಿಗೆ ನಾನೂ ಚಿಕ್ಕವನಿದ್ದಾಗಿನಿಂದ ಬರುತ್ತೇನೆ ಮೇಡಂ. ಈ ಸಲ ಮುಂದೆ ಕೂರುತ್ತೇನೆ.

ಕೆ ಬ್ಲಾಕ್
10 ಇಂಚಿನ ವೂಫರ್ ಬಗ್ಗೆ ಯಾರೂ ಹೇಳದ ಮಾತು. ಆ ಕಾಲದ ಸ್ಪೀಕರುಗಳಲ್ಲಿ ಕೋನಿನ (ಅದುರಿ ಸದ್ದು ಮಾಡುವ ಬಟ್ಟಲು) ಸುತ್ತ ಇರುವ ಅಂಚು ಎಷ್ಟೋ ಸಲ ಫೋಮ್. 15-20 ವರ್ಷಕ್ಕೆ ಅದು ಪುಡಿಪುಡಿ. ಜಾಲರಿ ತೆಗೆದು ಬೆರಳ ತುದಿಯಲ್ಲಿ ಮೆತ್ತಗೆ ಮುಟ್ಟಿದರೆ ಕೈಗೆ ಕಪ್ಪು ಹಿಟ್ಟು ಬರುತ್ತದೆ. ರಬ್ಬರ್ ಅಥವಾ ಬಟ್ಟೆಯ ಅಂಚು ಆದರೆ ಬಾಳಿಕೆ ಜಾಸ್ತಿ.

ನನಗೆ ಆದದ್ದು ಹೇಳುತ್ತೇನೆ. ಮೂರು ವರ್ಷದ ಹಿಂದೆ ಊರಾಚೆಯ ಒಬ್ಬರಿಂದ ಫೋಟೋ ನೋಡಿ ಒಂದು ಜೋಡಿ ತರಿಸಿದೆ, 9,000. "ಪಕ್ಕಾ ವರ್ಕಿಂಗ್ ಕಂಡೀಶನ್" ಅಂದಿದ್ದರು. ಪೆಟ್ಟಿಗೆ ಬಿಚ್ಚಿದರೆ ಎರಡೂ ವೂಫರಿನ ಅಂಚು ಹರಿದಿತ್ತು. ಒಂದು ಟ್ವೀಟರ್ ಸದ್ದೇ ಮಾಡಲಿಲ್ಲ. ಫೋನ್ ಎತ್ತಲಿಲ್ಲ. ಫೋಮ್ ಹೊಸದು ಅಂಟಿಸಿಕೊಳ್ಳಲು ಇನ್ನೂ 3,000 ಹೋಯಿತು. ಅವತ್ತಿನಿಂದ ಕಣ್ಣಾರೆ ನೋಡದೆ, ಕಿವಿಯಾರೆ ಕೇಳದೆ ಏನೂ ತಗೊಳ್ಳುವುದಿಲ್ಲ.

ಗಂಜಾಂ ಗಾಳಿ
ನೋಡಲು ಹೋಗುವಾಗ ಏನೇನು ಒಯ್ಯಬೇಕು? ನಾನೂ ಒಂದು ಜೋಡಿ ಹುಡುಕುತ್ತಿದ್ದೇನೆ.

ಹಳೇ ರೇಡಿಯೋ, ಮಂಡ್ಯ
ಒಂದು ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್, ಒಂದು ಟಾರ್ಚ್, ನಿಮಗೆ ಬಾಯಿಪಾಠ ಆಗಿರುವ ನಾಲ್ಕು ಹಾಡು. ಮಲ್ಟಿಮೀಟರ್ 300-400 ರೂಪಾಯಿದು ಸಾಕು.

ಆಂಪ್ಲಿಫೈಯರ್ ಮೊದಲು. ಸ್ವಿಚ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಧಡ್ ಅನ್ನಬಾರದು. ಒಳ್ಳೆಯ ಸೆಟ್‌ಗಳಲ್ಲಿ ಎರಡು ಮೂರು ಸೆಕೆಂಡ್ ಆದ ಮೇಲೆ ಒಳಗೆ ರಿಲೇ "ಟಿಕ್" ಅನ್ನುತ್ತದೆ, ಆಮೇಲೆ ಸದ್ದು. ಈಗ ಸ್ಪೀಕರ್ ತಂತಿ ತೆಗೆದು, ವಾಲ್ಯೂಮ್ ಸೊನ್ನೆಗೆ ಇಳಿಸಿ, ಸ್ಪೀಕರ್ ಟರ್ಮಿನಲ್ಲಿಗೆ ಮೀಟರ್ ಹಿಡಿಯಿರಿ, ಡಿಸಿ ಮಿಲಿವೋಲ್ಟಿನಲ್ಲಿ. 50ಕ್ಕಿಂತ ಕೆಳಗೆ ಇದ್ದರೆ ನೆಮ್ಮದಿ. 100 ದಾಟಿದರೆ ಒಳಗೆ ಏನೋ ತೊಂದರೆ ಇದೆ. ವೋಲ್ಟ್‌ಗಟ್ಟಲೆ ತೋರಿಸಿದರೆ ಆ ಸೆಟ್ ನಿಮ್ಮ ಸ್ಪೀಕರಿನ ಕಾಯಿಲ್ (ಕೋನಿನ ಹಿಂದಿನ ತಂತಿಸುರುಳಿ) ಸುಡುತ್ತದೆ, ಬಿಟ್ಟು ಬನ್ನಿ. ಎರಡೂ ಚಾನಲ್ ನೋಡಿ.

ಆಮೇಲೆ ಒಂದೊಂದೇ ಗುಬಟೆ ತಿರುಗಿಸಿ. ಕರಕರ ಅಂದರೆ ಅಷ್ಟೇನೂ ದೊಡ್ಡ ವಿಷಯ ಅಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಬೆಲೆ ಇಳಿಸಲು ಅದು ಒಳ್ಳೆಯ ಕಾರಣ. ಆದರೆ ವಾಲ್ಯೂಮ್ ಸೊನ್ನೆ ಇದ್ದಾಗಲೂ "ಗುಂಯ್" ಅಂತ ಒಂದೇ ಸಮ ಬಂದರೆ ಫಿಲ್ಟರ್ ಕೆಪಾಸಿಟರ್ ಮುಗಿದಿರಬಹುದು. ಅರ್ಧ ಗಂಟೆ ಹಾಡಿಸಿ. ಒಂದು ಕಡೆ ಜಾಸ್ತಿ ಬಿಸಿ ಆಗುತ್ತಿದೆಯಾ ಅಂತ ಕೈ ಇಟ್ಟು ನೋಡಿ.

ಸ್ಪೀಕರಿಗೆ: ಕೋನಿನ ಎರಡು ಬದಿ ಬೆರಳಿಟ್ಟು ಸಮವಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಉಜ್ಜುವ ಸದ್ದು ಬಂದರೆ ಕಾಯಿಲ್ ವಾರೆಯಾಗಿದೆ. ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್ಲಿಗೆ ಕ್ಷಣ ಮಾತ್ರ ಮುಟ್ಟಿಸಿ, ವೂಫರ್ ಸಾಮಾನ್ಯವಾಗಿ ಹೊರಕ್ಕೆ ನೆಗೆಯಬೇಕು. ಮುಖ್ಯ ಏನೆಂದರೆ ಎರಡು ಪೆಟ್ಟಿಗೆಯೂ ಒಂದೇ ರೀತಿ ನೆಗೆಯಬೇಕು. ಒಂದು ಹೊರಗೆ, ಒಂದು ಒಳಗೆ ಅಂದರೆ ಯಾರೋ ಬಿಚ್ಚಿ ತಂತಿ ಅದಲು ಬದಲು ಮಾಡಿದ್ದಾರೆ. 8 ಓಮ್ ಸ್ಪೀಕರಿಗೆ ಮೀಟರಿನಲ್ಲಿ 6ರ ಆಸುಪಾಸು ತೋರಿಸುತ್ತದೆ, ಅದು ಸರಿಯೇ, ಗಾಬರಿ ಬೇಡ. ಕೊನೆಗೆ ಪೆಟ್ಟಿಗೆಯ ತಳ ನೋಡಿ. ನೆಲ ಒರೆಸಿ ಒರೆಸಿ ನೀರು ಕುಡಿದು ಪಾರ್ಟಿಕಲ್ ಬೋರ್ಡ್ ಉಬ್ಬಿರುತ್ತದೆ.

ಗಂಜಾಂ ಗಾಳಿ
ಇದನ್ನು ಬರೆದಿಟ್ಟುಕೊಂಡೆ ಸಾರ್. ತುಂಬಾ ಉಪಕಾರ ಆಯಿತು.

ಟ್ರಾನ್ಸಿಸ್ಟರ್ 3055
ಬ್ರಾಂಡ್ ಬ್ರಾಂಡ್ ಅಂತ ಯಾಕೆ ಹೋಗುತ್ತೀರಿ? ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೋರ್ಡು, ಟ್ರಾನ್ಸ್‌ಫಾರ್ಮರ್, ಕ್ಯಾಬಿನೆಟ್ ಎಲ್ಲಾ ಸಿಗುತ್ತದೆ. 4,000ದಲ್ಲಿ ಅಸೆಂಬಲ್ಡ್ ಆಂಪ್ಲಿಫೈಯರ್ ಆಗುತ್ತದೆ. ಉಳಿದ 21,000 ಪೂರ್ತಿ ಸ್ಪೀಕರಿಗೆ. ಇದು ಬುದ್ಧಿವಂತರ ದಾರಿ. ನಮ್ಮಪ್ಪ 2ಎನ್ 3055 ಟ್ರಾನ್ಸಿಸ್ಟರ್ ಹಾಕಿ ಕಟ್ಟಿದ ಸೆಟ್ಟು ಇವತ್ತಿಗೂ ಹಾಡುತ್ತದೆ.

ಕೆ ಬ್ಲಾಕ್
ನಿಮ್ಮ ತಂದೆಯವರ ಕೈಗೆ ನಮಸ್ಕಾರ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ತೋಶಿಬಾ 5200, 1943 ಟ್ರಾನ್ಸಿಸ್ಟರ್ ಜೋಡಿಗಳಲ್ಲಿ ಎಷ್ಟು ಅಸಲಿ? ನಕಲಿ ತುಂಬಿಕೊಂಡಿದೆ. ಮೇಲೆ ಹೆಸರು ಒಂದೇ, ಒಳಗೆ ಚಿಪ್ಪು ಅಕ್ಕಿಕಾಳಿನಷ್ಟು. ಸ್ವಲ್ಪ ಜೋರು ಮಾಡಿದರೆ ಶಾರ್ಟ್ ಆಗಿ ಪೂರ್ತಿ ಡಿಸಿ ಸ್ಪೀಕರಿಗೆ ನುಗ್ಗುತ್ತದೆ. ಅಗ್ಗದ ಬೋರ್ಡಿನಲ್ಲಿ ಸ್ಪೀಕರ್ ಕಾಯುವ ರಿಲೇನೂ ಇರುವುದಿಲ್ಲ. 21,000ದ ಸ್ಪೀಕರಿಗೆ ಕಾವಲಿಲ್ಲದ ಆಂಪ್ಲಿಫೈಯರ್ ಹಾಕುವುದು ನ್ಯಾಯವೇ?

ಟ್ರಾನ್ಸಿಸ್ಟರ್ 3055
ಪ್ರೊಟೆಕ್ಷನ್ ಬೋರ್ಡ್ ಬೇರೆ ಸಿಗುತ್ತದೆ, ಇನ್ನೂರು ಮುನ್ನೂರಕ್ಕೆ. ಹಾಕಿಕೊಳ್ಳಬೇಕು ಅಷ್ಟೇ. ನಕಲಿ ವಿಷಯ ಮಾತ್ರ ಒಪ್ಪುತ್ತೇನೆ. ನನಗೂ ಎರಡು ಸಲ ಆಗಿದೆ. ಆದರೂ ಸೋಲ್ಡರಿಂಗ್ ಗೊತ್ತಿರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕೆಟ್ಟರೆ ನಾವೇ ಬಿಚ್ಚಿ ನಾವೇ ಸರಿಮಾಡಬಹುದು. ಆ ಖುಷಿನೇ ಬೇರೆ.

ಸರಸ್ವತಿಪುರಂ ಕೇಳುಗ
ನನಗೆ ಸೋಲ್ಡರಿಂಗ್ ಬರುವುದಿಲ್ಲ ಅಣ್ಣ.

ಸಕ್ಕರೆ ನಾಡು
ನಮ್ಮೂರ ದೇವಸ್ಥಾನದಲ್ಲಿ ಹಳೇ ಅಹುಜಾ ಆಂಪ್ಲಿಫೈಯರ್ ಮಾರುತ್ತಿದ್ದಾರೆ. ಅದು ಮನೆಗೆ ಆಗುತ್ತದಾ? ಕಲ್ಲಿನಂತಹ ಸೆಟ್ಟು.

ಹಳೇ ರೇಡಿಯೋ, ಮಂಡ್ಯ
ಗಟ್ಟಿ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮಾತು ದೂರ ಮುಟ್ಟಿಸಲು ಮಾಡಿದ್ದು. ಒಂದೇ ಚಾನಲ್, ಸ್ಟೀರಿಯೋ ಅಲ್ಲ. ಹಿಂದೆ 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಅಂತಲೂ ಟರ್ಮಿನಲ್ ಇರುತ್ತದೆ. ಉದ್ದ ತಂತಿಯಲ್ಲಿ ಹತ್ತಾರು ಹಾರ್ನ್ ಕಟ್ಟಲು ಅದು. ಗೊತ್ತಿಲ್ಲದೆ ಮನೆಯ ಸ್ಪೀಕರನ್ನು 100 ವೋಲ್ಟಿಗೆ ಹಾಕಿದರೆ ಒಂದೇ ನಿಮಿಷ. ಸುಪ್ರಭಾತಕ್ಕೆ ಸರಿ, ವೀಣೆಗೆ ಬೇಡ.

ಬಾಸ್ ಪ್ರೇಮಿ
ಸರಿ, ಯಮಾಹಾ ಅಂತಲೇ ಇಟ್ಟುಕೊಳ್ಳಿ. ಅದು 100 ವ್ಯಾಟ್. ಸ್ಪೀಕರೂ 100 ವ್ಯಾಟ್ ಅಥವಾ ಜಾಸ್ತಿ ಇರಬೇಕಲ್ವಾ? 50 ವ್ಯಾಟ್ ಸ್ಪೀಕರ್ ಹಾಕಿದರೆ ಹೊಡೆದುಹೋಗುತ್ತದೆ.

ಕೆ ಬ್ಲಾಕ್
ಇಲ್ಲ. ಇದು ಎಲ್ಲರೂ ಮಾಡುವ ತಪ್ಪು ಲೆಕ್ಕ. ಸ್ಪೀಕರಿನ ಮೇಲೆ ಬರೆದಿರುವುದು ಅದು ತಡೆಯುವ ಮಿತಿ. ಸದ್ದು ಎಷ್ಟು ಬರುತ್ತದೆ ಅನ್ನುವುದು ಸೆನ್ಸಿಟಿವಿಟಿಯಿಂದ. 87 ಡೆಸಿಬಲ್ ಸ್ಪೀಕರ್ ಅಂದರೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87. ಎರಡು ವ್ಯಾಟಿಗೆ 90. ನಾಲ್ಕಕ್ಕೆ 93. ಪ್ರತಿ 3 ಡೆಸಿಬಲ್‌ಗೆ ವ್ಯಾಟ್ ಎರಡು ಪಟ್ಟು. ಮನೆಯಲ್ಲಿ ನಾವು ಹಿತವಾಗಿ ಕೇಳುವುದು 70-75ರ ಹತ್ತಿರ. ಕೇಳುಗರ ಹಾಲಿನಲ್ಲಿ ಕಚೇರಿ ಪೂರ್ತಿ ಒಂದೆರಡು ವ್ಯಾಟಿನಲ್ಲೇ ಮುಗಿಯುತ್ತದೆ. ಉಳಿದದ್ದು ತನಿ ಆವರ್ತನದಲ್ಲಿ ಜೋರು ಪೆಟ್ಟು ಬಿದ್ದಾಗ ಬೇಕಾಗುತ್ತದೆ.

1978ರಲ್ಲಿ ಬಂದ ಎನ್‌ಎಡಿ 3020 ಚಾನಲ್‌ಗೆ ಬರೀ 20 ವ್ಯಾಟ್. ಪ್ರಪಂಚದಲ್ಲೆಲ್ಲಾ ಜನ ಅದನ್ನು ಇವತ್ತಿಗೂ ಹುಡುಕುತ್ತಾರೆ. ಸ್ಪೀಕರ್ ಹೊಡೆದುಹೋಗುವುದು ಹೆಚ್ಚಾಗಿ ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ತಿರುಗಿಸಿದಾಗ. ಸದ್ದು ಒಡೆದು, ಆ ಒಡೆದ ಸದ್ದು ಟ್ವೀಟರನ್ನು ಸುಡುತ್ತದೆ. ಕಿವಿಗೆ ಕರ್ಕಶ ಅನಿಸಿದ ಕೂಡಲೇ ಇಳಿಸಿದರೆ ಏನೂ ಆಗುವುದಿಲ್ಲ.

ಬಾಸ್ ಪ್ರೇಮಿ
ಇದು ನನಗೆ ಗೊತ್ತಿರಲಿಲ್ಲ. ಕಳೆದ ವರ್ಷ ಅಣ್ಣನ ಮದುವೆ ಮನೆಯಲ್ಲಿ ಟ್ವೀಟರ್ ಹೋದದ್ದು ಯಾಕೆ ಅಂತ ಈಗ ಅರ್ಥವಾಯಿತು.

ಪಾಂಡವಪುರ ಎಕ್ಸ್‌ಪ್ರೆಸ್
ಓಮ್ ಬಗ್ಗೆಯೂ ಹೇಳಿ. ನಮ್ಮ ಮನೆಯಲ್ಲಿ ಒಂದೇ ಆಂಪ್ಲಿಫೈಯರಿಗೆ ನಾಲ್ಕು ಸ್ಪೀಕರ್ ಹಾಕಿದ್ದೇವೆ. ಬಿಸಿ ಜಾಸ್ತಿ.

ಕೆ ಬ್ಲಾಕ್
8 ಓಮಿನ ಎರಡನ್ನು ಪ್ಯಾರಲಲ್ ಹಾಕಿದರೆ 4 ಓಮ್. ಆಂಪ್ಲಿಫೈಯರ್ ಹಿಂದೆ "ಕನಿಷ್ಠ 8 ಓಮ್" ಅಂತಿದ್ದರೆ ನೀವು ಅದರ ಹೆಗಲಿಗೆ ಎರಡರಷ್ಟು ಮೂಟೆ ಹೊರಿಸಿದ್ದೀರಿ. ಇವತ್ತೇ ಒಂದು ಜೋಡಿ ಬಿಚ್ಚಿ.

ಡಿಜಿಟಲ್ ದಾಸ
ಸರಿ, 5.1 ಬಿಡಿ. ಆದರೆ ಹಳೆಯ ಎವಿ ರಿಸೀವರ್ (ಹೋಂ ಥಿಯೇಟರಿನ ಆಂಪ್ಲಿಫೈಯರ್)? ಎಚ್‌ಡಿಎಂಐ ಇಲ್ಲದವನ್ನು ಜನ 6-7 ಸಾವಿರಕ್ಕೆ ಕೊಟ್ಟುಬಿಡುತ್ತಾರೆ. ಸ್ಟೀರಿಯೋ ಆಗಿ ಚೆನ್ನಾಗಿಯೇ ಓಡುತ್ತವೆ. ನಮ್ಮ ಮನೆಯಲ್ಲಿ ಹಾಗೇ ಇದೆ.

ಕೆ ಬ್ಲಾಕ್
ಇದು ಒಳ್ಳೆಯ ಸಲಹೆ ದಾಸರೇ. ರಿಮೋಟ್ ಇರಲೇಬೇಕು, ಅದಿಲ್ಲದೆ ಎಷ್ಟೋ ರಿಸೀವರಿನಲ್ಲಿ ಸೆಟ್ಟಿಂಗೇ ಮಾಡಲಾಗುವುದಿಲ್ಲ. ಆದರೆ ಬಟನ್ ಜಾಸ್ತಿ, ಕೆಡುವ ಭಾಗ ಜಾಸ್ತಿ. ದೊಡ್ಡವರಿಗೆ ವಾಲ್ಯೂಮ್ ಒಂದು, ಸೆಲೆಕ್ಟರ್ ಒಂದು ಇದ್ದರೆ ಸುಲಭ.

ವೀಣೆ ತಂತಿ, ಒಂಟಿಕೊಪ್ಪಲು
ಟ್ಯೂನರ್ ಕೂಡ ಇದ್ದರೆ ಬಿಡಬೇಡಿ. ಆಕಾಶವಾಣಿ ಮೈಸೂರು 100.6 ಒಳ್ಳೆಯ ಸ್ಪೀಕರಿನಲ್ಲಿ ಕೇಳುವುದೇ ಒಂದು ಸುಖ. "ಆಕಾಶವಾಣಿ" ಅನ್ನುವ ಹೆಸರು ರೇಡಿಯೋಗೆ ಅಂಟಿದ್ದೇ ನಮ್ಮ ಊರಲ್ಲಿ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು.

ಗಂಜಾಂ ಗಾಳಿ
ಮನೆಯಲ್ಲೇ? ಯಾದವಗಿರಿಯ ಕೇಂದ್ರದ ಮುಂದೆ ವಾರಕ್ಕೆ ನಾಲ್ಕು ಸಲ ಓಡಾಡುತ್ತೇನೆ, ಇದು ಗೊತ್ತೇ ಇರಲಿಲ್ಲ.

ಹಳೇ ರೇಡಿಯೋ, ಮಂಡ್ಯ
ನಾನು ಈ ಕೆಲಸಕ್ಕೆ ಬಂದದ್ದೇ ಆ ಕೇಂದ್ರ ಕೇಳಿಕೊಂಡು. ಸರಿ, ಮಾತು ಬೇರೆ ಕಡೆ ಹೋಯಿತು. ಕೇಳುಗರೇ, ಸ್ಪೀಕರ್ ಸಿಕ್ಕಿತಾ?

ಸರಸ್ವತಿಪುರಂ ಕೇಳುಗ
ಹುಡುಕುತ್ತಿದ್ದೇನೆ ಸಾರ್. ಬೆಂಗಳೂರಿನವರಿಗೆ ಬೇಡ ಅಂತ ಹೇಳಿಬಿಟ್ಟೆ. ನಿನ್ನೆ ಸಂಜೆ ಕುವೆಂಪುನಗರಕ್ಕೆ ಹೋಗಿ ಯಮಾಹಾ ನೋಡಿದೆ. ಮೀಟರ್ ಒಯ್ದಿದ್ದೆ. ಎಡಗಡೆ 9 ಮಿಲಿವೋಲ್ಟ್, ಬಲಗಡೆ 14. ಗುಂಯ್ ಇಲ್ಲ. ಬಾಸ್ ಗುಬಟೆ ಮಾತ್ರ ಸ್ವಲ್ಪ ಕರಕರ. ಅದನ್ನು ತೋರಿಸಿದೆ, 10,000ಕ್ಕೆ ಒಪ್ಪಿದರು. ಬಿಲ್, ರಿಮೋಟ್, ಡಬ್ಬ ಎಲ್ಲಾ ಇದೆ. ತಂದುಬಿಟ್ಟೆ.

ಸ್ಪೀಕರಿಗೆ ಎರಡು ಇವೆ. ಮಂಡ್ಯದ ವಿದ್ಯಾನಗರದಲ್ಲಿ ವಾರ್ಫ್‌ಡೇಲ್ ಡೈಮಂಡ್ 9.1, 12,000 ಹೇಳುತ್ತಿದ್ದಾರೆ. ಇಲ್ಲಿ ಅಗ್ರಹಾರದಲ್ಲಿ ಹಳೇ ಸೋನೋಡೈನ್ ಜೋಡಿ, 7,000. ಎರಡೂ ಕೇಳಿ ಬರುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಟ್ರಾನ್ಸಿಸ್ಟರ್ 3055
ಸೋನೋಡೈನ್ ನೋಡಿ. ಕೋಲ್ಕತ್ತಾದ ಕಂಪನಿ, 1970ರಿಂದ ಇದೆ. ನಮ್ಮ ದೇಶದ ಸಾಮಾನು, ಪೆಟ್ಟಿಗೆ ಗಟ್ಟಿ.

ವೀಣೆ ತಂತಿ, ಒಂಟಿಕೊಪ್ಪಲು
ತಂದೆಯವರನ್ನೇ ಕರೆದುಕೊಂಡು ಹೋಗಿ. ಕಿವಿ ಅವರದು, ಸಂಗೀತ ಅವರದು. ಗುಟ್ಟಾಗಿ ಕೊಡುವ ಆಸೆ ನನಗೆ ಅರ್ಥವಾಗುತ್ತದೆ. ಆದರೂ ದಿನಾ ಕೇಳುವವರು ಒಪ್ಪಬೇಕು.

ಸರಸ್ವತಿಪುರಂ ಕೇಳುಗ
ಮೇಡಂ ಹೇಳಿದ ಹಾಗೇ ಮಾಡಿದೆ.

ಶನಿವಾರ ಅಗ್ರಹಾರ. ಸೋನೋಡೈನ್ ಪೆಟ್ಟಿಗೆ ನಿಜಕ್ಕೂ ಗಟ್ಟಿ. ಆದರೆ ಬಲಗಡೆಯ ಕೋನ್ ಒತ್ತಿದಾಗ ಸರ್ ಅಂತ ಉಜ್ಜಿತು. ಪಾಪ, ಮಾರುವವರಿಗೇ ಗೊತ್ತಿರಲಿಲ್ಲ. ಒಳ್ಳೆಯ ಜನ, ಕಾಫಿ ಕೊಟ್ಟು ಕಳಿಸಿದರು.

ಭಾನುವಾರ ಬೆಳಿಗ್ಗೆ ಟ್ರೇನಿನಲ್ಲಿ ಮಂಡ್ಯ. ಅಪ್ಪ ದಾರಿಯುದ್ದಕ್ಕೂ "ಇದೆಲ್ಲಾ ಯಾಕೋ, ಮೊಬೈಲ್ ಸಾಕು" ಅನ್ನುತ್ತಲೇ ಇದ್ದರು. ವಾರ್ಫ್‌ಡೇಲ್ ಚಿಕ್ಕ ಪೆಟ್ಟಿಗೆ, 5 ಇಂಚು ವೂಫರ್. ಅಂಚು ರಬ್ಬರ್, ಬಿರುಕು ಇಲ್ಲ. ಸೆಲ್ ಮುಟ್ಟಿಸಿದಾಗ ಎರಡೂ ಒಂದೇ ರೀತಿ ನೆಗೆದವು. ಮೊದಲು ತಂಬೂರಿ ಹಾಕಿದೆ. ಆಮೇಲೆ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಅಪ್ಪ ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಕೈ ಎತ್ತಿ, "ಈಗ ಬಂದ ಗಮಕ ಇನ್ನೊಂದು ಸಲ ಹಾಕು" ಅಂದರು. 11,000ಕ್ಕೆ ಮುಗಿಯಿತು. ಒಂದು ಪೆಟ್ಟಿಗೆ ನನ್ನ ತೊಡೆಯ ಮೇಲೆ, ಇನ್ನೊಂದು ಅವರ ತೊಡೆಯ ಮೇಲೆ. ಕೆಳಗೆ ಇಡೋಣ ಅಂದರೆ ಅವರು ಬಿಡಲಿಲ್ಲ.

ಹಳೇ ರೇಡಿಯೋ, ಮಂಡ್ಯ
ಮಂಡ್ಯಕ್ಕೆ ಬಂದು ಹೇಳದೆ ಹೋಗಿದ್ದೀರಿ! ಊಟಕ್ಕೆ ಬರಬೇಕಿತ್ತು. ಒಳ್ಳೆಯ ಜೋಡಿ ಸಿಕ್ಕಿದೆ. ಉಳಿದ 4,000ದಲ್ಲಿ ತಂತಿಗೆ ಜಾಸ್ತಿ ಸುರಿಯಬೇಡಿ. ನಾಲ್ಕೈದು ಮೀಟರಿಗೆ 16 ಗೇಜಿನ ಶುದ್ಧ ತಾಮ್ರ ಸಾಕು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದನ್ನು ತಾಮ್ರ ಅಂತಲೇ ಮಾರುತ್ತಾರೆ. ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ.

ಕೆ ಬ್ಲಾಕ್
ಇಡುವ ಜಾಗ ಮುಖ್ಯ. ಶೋಕೇಸಿನ ಮೇಲೆ ಇಡಬೇಡಿ. ಕೂತಾಗ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೋ ಟ್ವೀಟರ್ ಅಷ್ಟೇ ಎತ್ತರ ಇರಲಿ. ಆಚಾರಿಗೆ ಹೇಳಿ 24 ಇಂಚಿನ ಮರದ ಸ್ಟ್ಯಾಂಡ್ ಮಾಡಿಸಿ. ಎರಡರ ನಡುವೆ 6 ಅಡಿ, ತಂದೆಯವರ ಕುರ್ಚಿಗೆ 7 ಅಡಿ. ಹಿಂದಿನ ಗೋಡೆಯಿಂದ ಒಂದು ಅಡಿ ಮುಂದೆ ಎಳೆಯಿರಿ, ಗೋಡೆಗೆ ಒತ್ತಿದರೆ ಮೃದಂಗ ಊದಿಕೊಳ್ಳುತ್ತದೆ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟೈಲ್ಸ್ ನೆಲಕ್ಕೆ ಟರ್ರ್ ಅಂತ ಮಾರ್ದನಿ ಬರುತ್ತದೆ. ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಪರದೆ ಬಿಡಿ, ಮತ್ತೆ ಚಪ್ಪಾಳೆ. ಇದಕ್ಕೆ ಹೆಚ್ಚು ಖರ್ಚಿಲ್ಲ, ಆದರೆ ಆಂಪ್ಲಿಫೈಯರ್ ಬದಲಾಯಿಸಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಕೇಳುತ್ತದೆ.

ಸರಸ್ವತಿಪುರಂ ಕೇಳುಗ
ಜಮಖಾನ ಹಾಸಿದೆ. ನಿಜ, ಅಮ್ಮನಿಗೂ ವ್ಯತ್ಯಾಸ ಗೊತ್ತಾಯಿತು.

ಡೆಕ್ಕಿನ ಬೆಲ್ಟ್ ಕರಗಿ ಅಂಟಾಗಿತ್ತು. ಹೊಸದು ಹಾಕಿಸಿದೆ, ಹೆಡ್ಡು ಕ್ಲೀನ್ ಮಾಡಿಸಿದೆ. ಹಾಡುತ್ತದೆ. ಆದರೆ ಕ್ಯಾಸೆಟ್ ಹಾಕಿದಾಗ ಮಾತ್ರ ಹಿಂದೆ ಸಣ್ಣಗೆ ಗುಂಯ್ ಅನ್ನುತ್ತದೆ. ಮೊಬೈಲಿನಿಂದ ಹಾಕಿದರೆ ಇಲ್ಲ. ಏನು ಮಾಡಲಿ?

ಹಳೇ ರೇಡಿಯೋ, ಮಂಡ್ಯ
ಡೆಕ್ಕು ಆಂಪ್ಲಿಫೈಯರಿನ ಮೇಲೆ ಕೂತಿದೆಯಾ?

ಸರಸ್ವತಿಪುರಂ ಕೇಳುಗ
ಹೌದು ಸಾರ್, ಮೇಲೇ ಇಟ್ಟಿದ್ದೇನೆ.

ಹಳೇ ರೇಡಿಯೋ, ಮಂಡ್ಯ
ಕೆಳಗಿನ ಟ್ರಾನ್ಸ್‌ಫಾರ್ಮರಿನ ಗುಂಯ್ ಅನ್ನು ಡೆಕ್ಕಿನ ಹೆಡ್ಡು ಹಿಡಿದುಕೊಳ್ಳುತ್ತಿದೆ. ಎರಡು ಅಡಿ ಪಕ್ಕಕ್ಕೆ ಇಡಿ. ಇನ್ನೊಂದು ಮಾತು. ಎಷ್ಟೋ ವರ್ಷ ಟ್ರಂಕಿನಲ್ಲಿದ್ದ ಕ್ಯಾಸೆಟ್ಟನ್ನು ಹಾಕಿದ ಕೂಡಲೇ ಪ್ಲೇ ಮಾಡಬೇಡಿ. ಒಂದು ಸಲ ಕೊನೆವರೆಗೆ ಮುಂದಕ್ಕೆ ಓಡಿಸಿ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿ. ಟೇಪು ಅಂಟಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ.

ಸರಸ್ವತಿಪುರಂ ಕೇಳುಗ
ಪುಸ್ತಕದ ಗೂಡಿಗೆ ಎತ್ತಿಟ್ಟೆ. ಗುಂಯ್ ನಿಂತಿತು! ಅಪ್ಪ ಈಗ ಮೊದಲನೇ ಟ್ರಂಕಿನ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಮುಂದಕ್ಕೆ, ಹಿಂದಕ್ಕೆ ಸುತ್ತುತ್ತಾ ಕೂತಿದ್ದಾರೆ. ಇವತ್ತಿಗೆ 14 ಆಗಿದೆ.

ಗಂಜಾಂ ಗಾಳಿ
ಕೇಳುಗರೇ, ಆ ಅಗ್ರಹಾರದ ಸೋನೋಡೈನ್ ಇನ್ನೂ ಇದೆಯಾ? ಕಾಯಿಲ್ ಸರಿಮಾಡಿಸುವ ಖರ್ಚು ಕಳೆದು 4,000ಕ್ಕೆ ಕೇಳಿ ನೋಡೋಣ ಅಂತ.

ಟ್ರಾನ್ಸಿಸ್ಟರ್ 3055
ಹೋಗುವಾಗ ನನ್ನನ್ನೂ ಕರೆಯಿರಿ. ಬಿಚ್ಚಿ ನೋಡಿಕೊಡುತ್ತೇನೆ.